ತೂಕಕ್ಕೆ ಸಿಗುವ ಒಂಟಿ ಮಣಿಗಳು: ಕೊಪ್ಪಳದ ಒಂದು ಸಂದಿ ಅಂಗಡಿ

ಮದುವೆ ಸೆಟ್ ಬೇಕು, ಮಖಮಲ್ ಡಬ್ಬಿಯಲ್ಲಿ ಕೂತಿರುವ ಸಿದ್ಧ ಹಾರ ಬೇಕು ಅನ್ನುವವರು ಈ ಅಂಗಡಿಗೆ ಹೋಗಿ ಸುಮ್ಮನೆ ಕಾಲು ನೋಯಿಸಿಕೊಳ್ಳಬೇಡಿ. ಮನೆಯ ಡಬ್ಬಿಯ ತಳದಲ್ಲಿ ದಪ್ಪ ಗಾಜಿನ ಗುಂಡು, ಜೋಡಿ ತಪ್ಪಿದ ಕಿತ್ತಳೆ ಕೊಳವೆ, ಹರಿದ ಯಾವುದೋ ಸರದ ಹಿತ್ತಾಳೆ ಮಣಿ, ಹೀಗೆ ಎಸೆಯಲು ಮನಸ್ಸು ಬಾರದ, ಕೊರಳಿಗೆ ಹಾಕಲು ಧೈರ್ಯ ಸಾಲದ ಸಾಮಾನು ಬಿದ್ದಿದ್ದರೆ ಹೋಗಿ. ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಗಿ.

ನಾನು ಭಾಗ್ಯನಗರದಲ್ಲಿ ಜಂಪರ್ ಹೊಲಿಯುವವಳು. ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಕೇಳುವವರು ಹೆಚ್ಚಾದ ಮೇಲೆ ನನ್ನ ಮಷೀನಿನ ಪಕ್ಕ ಮಣಿ ಡಬ್ಬಿಗಳೂ ಹೆಚ್ಚಾದವು. ಬೆನ್ನಿಗೆ ಇಳಿಬಿಡುವ ಲಟಕನ್ನಿಗೆ ಅಂತ ದಪ್ಪ ಮಣಿ ಒಂದು ಲೈನ್, ಅಂದರೆ ದಾರಕ್ಕೆ ಪೋಣಿಸಿ ಮಾರುವ ಒಂದು ಎಳೆ, ತಂದರೆ ಎರಡು ಖರ್ಚಾಗುತ್ತವೆ, ಉಳಿದವು ಡಬ್ಬಿಗೆ. ಗಿರಾಕಿಗಳೂ ತರುತ್ತಾರೆ: “ನಮ್ಮತ್ತಿ ಸರದ್ದು ರೀ, ಇದಕ್ಕೊಂದು ದಾರಿ ಮಾಡ್ರಿ.” ಆ ಮಣಿ ನೋಡಿದರೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ತೂಕ ಕೈಗೆ ಹೊಡೆಯುತ್ತದೆ. ಇಂಥ ಮಣಿಯನ್ನೇ ನಡುವಿಗೆ ಇಟ್ಟುಕೊಂಡು ಸರ ಮಾಡುವುದು ಈಗ ನನ್ನ ಎರಡನೇ ಕಸುಬು. ಅದಕ್ಕೆ ಬೇಕಾದ್ದೆಲ್ಲ ಈ ಅಂಗಡಿಯಿಂದಲೇ ತರುತ್ತೇನೆ, ಆದ್ದರಿಂದ ಅದರ ಗುಣವೂ ಗೊತ್ತು, ಅವಗುಣವೂ ಗೊತ್ತು.

ಅಂಗಡಿ ಇರುವುದು ಜವಾಹರ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಸಂದಿಯಲ್ಲಿ. ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿದೆ, ಹೆಸರು ಓದಲಾಗುವುದಿಲ್ಲ. ಬಳೆ ಅಂಗಡಿಯವರನ್ನು ಮಣಿ ಅಂಗಡಿ ಎಲ್ಲಿ ಅಂತ ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ಮೂರು ಜನ ನಿಂತರೆ ನಾಲ್ಕನೆಯವರು ಹೊರಗೆ. ಮುಂದಿನ ಗಾಜಿನ ಕಪಾಟಿನಲ್ಲಿ ಎಲ್ಲ ಕಡೆ ಸಿಗುವ ಮಾಲೇ: ಟೈರ್ ಮಣಿ, ಮೋನಾಲಿಸಾ, ಹೈಡ್ರೋ ಅನ್ನುವ ಹೆಸರಿನ ಮಣಿಗಳು, ಜೇಡ್ ಎಂದು ಹೇಳಿ ಮಾರುವ ಬಣ್ಣ ಹಾಕಿದ ಕಲ್ಲು. ಇವು ಲೈನಿನ ಲೆಕ್ಕ. ಅವಕ್ಕೆ ನಾನು ಈ ಅಂಗಡಿಗೆ ಹೋಗುವುದಿಲ್ಲ, ಬೆಲೆಯಲ್ಲಿ ವಿಶೇಷವೇನಿಲ್ಲ.

ನೋಡಬೇಕಾದ್ದು ಗಲ್ಲೆಯ ಪಕ್ಕ ನೆಲದ ಮೇಲಿರುವ ಪ್ಲಾಸ್ಟಿಕ್ ಟ್ರೇಗಳು. “ಉಳಕಿ ಮಾಲು” ಅಂತಾರೆ. ನೂರು ಗ್ರಾಂಗೆ 90 ರೂಪಾಯಿ, ಆರಿಸಿ ತೆಗೆದ ಒಂಟಿ ಮಣಿ ಗಾತ್ರ ನೋಡಿ 10ರಿಂದ 40. ಜನವರಿಯ ಗವಿಮಠದ ಜಾತ್ರೆಯಲ್ಲಿ ಮಳಿಗೆ ಹಾಕಿದವರು ಕಡೆಗೆ ಉಳಿದ ಮಾಲನ್ನು ಹೊತ್ತುಕೊಂಡು ಊರಿಗೆ ಹೋಗುವ ಬದಲು ಇಲ್ಲಿ ಸುರಿದು ಹೋಗುತ್ತಾರೆ. ಮುಚ್ಚಿದ ಫ್ಯಾನ್ಸಿ ಸ್ಟೋರುಗಳ ಸ್ಟಾಕೂ ಬರುತ್ತದೆ. ಹರಿದ ಲೈನು, ಅರ್ಧ ಲೈನು, ಜೋಡಿ ಕಳೆದುಕೊಂಡ ಝುಮಕಿಯ ತಳ. ಒಂದೇ ಥರದ್ದು ಏಳೆಂಟು ಸಿಕ್ಕರೆ ಅದೃಷ್ಟ. ಹೆಣ್ಣುಮಕ್ಕಳು ಬಂದವರೇ ಈ ಟ್ರೇಗಳ ಮುಂದೆ ಕೂತುಬಿಡುತ್ತಾರೆ, ನಾನೂ ಕೂರುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ. ಈ ಅಂಗಡಿಯ ನಿಜವಾದ ಮಾಲು ಟ್ರೇನಲ್ಲಿಲ್ಲ, ಗಲ್ಲೆಯ ಹಿಂದಿನ ಕಟ್ಟಿಗೆಯ ಖಾನೆಗಳಲ್ಲಿದೆ. ಮಾಲೀಕರ ತಾಯಿ, ನಾವೆಲ್ಲ ದೊಡ್ಡವ್ವ ಅನ್ನುವ ಮುದುಕಿ, ಆ ಖಾನೆಗಳಿಗೆ ಬೆನ್ನು ಕೊಟ್ಟು ಗಾದಿಯ ಮೇಲೆ ಕೂತು ಸರ ಪೋಣಿಸುತ್ತಾಳೆ. ಖಾನೆಯಲ್ಲಿ ಇರುವುದು ಮಬ್ಬು ಕಪ್ಪು ಮಣಿ, ಬೂದಿ ಬಣ್ಣದ ಗಾಜು, ಪಾಲಿಶ್ ಇಲ್ಲದ ಕಟ್ಟಿಗೆ ಗುಂಡು, ಗಟ್ಟಿ ಹಿತ್ತಾಳೆ, ಚಪ್ಪಟೆ ಬಿಲ್ಲೆ, ಮಣಿಯ ಬಾಯಿಗೆ ಟೋಪಿಯಂತೆ ಕೂರುವ ಕಟೋರಿ. ಯಾರ ಕಣ್ಣಿಗೂ ಬೀಳದ ಸಾಮಾನು. ಜೋರು ಮಣಿಯೊಂದನ್ನು ಕೊರಳಿಗೆ ಒಗ್ಗಿಸುವವು ಇವೇ.

ಮೊದಲು ಟ್ರೇ ಬಗ್ಗೆ ಹೇಳಿ ಮುಗಿಸುತ್ತೇನೆ. ಅದರಲ್ಲಿ ಗಾಜು, ಪ್ಲಾಸ್ಟಿಕ್, ರೆಸಿನ್, ಕಲ್ಲು ಎಲ್ಲ ಬೆರೆತಿರುತ್ತವೆ, ಕೇಳಿದರೆ ಎಲ್ಲವೂ “ಸ್ಟೋನ್ ರೀ ಅಕ್ಕಾರ”. ಕೆನ್ನೆಗೆ ಇಟ್ಟು ನೋಡಿ, ಗಾಜು ಮತ್ತು ಕಲ್ಲು ತಣ್ಣಗಿರುತ್ತವೆ, ಪ್ಲಾಸ್ಟಿಕ್ ಬೇಗ ಬೆಚ್ಚಗಾಗುತ್ತದೆ. ಹಲ್ಲಿಗೆ ಮೆಲ್ಲಗೆ ತಟ್ಟಿದರೂ ಸದ್ದಿನಲ್ಲಿ ಗೊತ್ತಾಗುತ್ತದೆ, ಆದರೆ ಟ್ರೇನ ಧೂಳು ನೋಡಿದರೆ ನನಗೆ ಆ ಮನಸ್ಸಾಗುವುದಿಲ್ಲ. ಬಣ್ಣ ಹಾಕಿದ ಕಲ್ಲೋ ಅಂತ ಅನುಮಾನ ಬಂದರೆ ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿಗೆ ಹಚ್ಚಿ ತೂತಿನ ಬಾಯಿಯ ಹತ್ತಿರ ಒರೆಸಿ. ಫಿರೋಜಾ ಅಂತ ಮಾರುವ ಆಕಾಶನೀಲಿ ಕಲ್ಲು ಎಷ್ಟೋ ಸಲ ಬಿಳಿ ಕಲ್ಲಿಗೆ ಬಣ್ಣ ಕುಡಿಸಿದ್ದು. ಹತ್ತಿ ನೀಲಿಯಾದರೆ ಬೆವರಿಗೆ ಕೊರಳೂ ನೀಲಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಇದು ಸಣ್ಣ ವಿಷಯ ಅಲ್ಲ. ಮಾಲೀಕರು ಹೀಗೆ ಒರೆಸಿ ನೋಡಲು ಬಿಡುತ್ತಾರೆ, ಮುಖ ಗಂಟು ಹಾಕಿಕೊಂಡಾದರೂ ಬಿಡುತ್ತಾರೆ. ಬೇರೆ ಕಡೆ ಈ ಅನುಕೂಲ ನನಗೆ ಸಿಕ್ಕಿಲ್ಲ.

ಚಿನ್ನದ ಬಣ್ಣದ ಹಗುರ ಗುಂಡುಗಳನ್ನು ಮಾತ್ರ ಮುಟ್ಟಬೇಡಿ. ಅವು ಸಿಸಿಬಿ, ಅಂದರೆ ಪ್ಲಾಸ್ಟಿಕ್ ಮೇಲೆ ಲೋಹದ ಲೇಪ. ಒಂದು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ.

ಈಗ ನೀಲಿ ಗುಂಡಿನ ವಿಷಯ. ಒಬ್ಬ ಟೀಚರಮ್ಮ ನನ್ನ ಹತ್ತಿರ ತಂದದ್ದು: ಕಡುನೀಲಿ ಗಾಜು, ಮೇಲೆ ಬಿಳಿ ಚುಕ್ಕಿ ಉಬ್ಬಿಕೊಂಡು, ಚುಕ್ಕಿಯ ಸುತ್ತ ಸಾಸಿವೆ ಹಳದಿಯ ಉಂಗುರ. 24 ಮಿಲಿಮೀಟರ್ ಅಗಲ. ಒಂದೇ ಒಂದು. ಅವರಿಗೆ ಅದನ್ನು ಸೀರೆ ಮೇಲೆ ಹಾಕಿಕೊಂಡು ಶಾಲೆಗೆ ಹೋಗಬೇಕಿತ್ತು. ಇಂಥ ಗಾಜಿನ ಮಣಿ ಬಹಳಷ್ಟು ಉತ್ತರ ಪ್ರದೇಶದ್ದು, ಫಿರೋಜಾಬಾದ್, ಪುರ್ದಿಲ್‌ನಗರ, ಬನಾರಸ್ ಕಡೆಯ ಕೆಲಸ. ಗಾಜಿನ ಕಡ್ಡಿಯನ್ನು ಜ್ವಾಲೆಯಲ್ಲಿ ಕರಗಿಸಿ ತಂತಿಗೆ ಸುತ್ತುತ್ತಾರೆ, ಆರಿದ ಮೇಲೆ ತಂತಿ ಎಳೆದು ತೆಗೆಯುತ್ತಾರೆ. ತಂತಿಯ ದಪ್ಪವೇ ತೂತಿನ ಅಗಲ. ಗಾಜು ತಂತಿಗೆ ಅಂಟದಿರಲಿ ಅಂತ ಮೊದಲೇ ಬಳಿದ ಮಣ್ಣಿನ ಲೇಪ ಒಳಗೆ ಬಿಳಿ ಪುಡಿಯಾಗಿ ಉಳಿದಿರುತ್ತದೆ. ಹಾಗೇ ಪೋಣಿಸಿದರೆ ಆ ಪುಡಿ ದಾರವನ್ನು ತಿಕ್ಕಿ ತಿಕ್ಕಿ ಸವೆಸುತ್ತದೆ. ರಾತ್ರಿ ನೀರಲ್ಲಿ ನೆನೆಹಾಕಿ, ಸಣ್ಣ ಬ್ರಶ್ಶಿನಿಂದ ತೂತು ತೊಳೆದುಕೊಂಡೇ ಅಂಗಡಿಗೆ ಹೋದೆ. ಜೊತೆಗೆ ಒಂದು ಲೈನ್ ತಿಳಿನೀಲಿ ಟೈರ್ ಮಣಿ, ಒಂದು ಲೈನ್ ಬಿಳಿ ಮುತ್ತು ಒಯ್ದಿದ್ದೆ. ಗುಂಡಿನಲ್ಲಿದ್ದ ಬಣ್ಣಗಳನ್ನೇ ಸುತ್ತ ಹಾಕಿದರೆ ಒಪ್ಪುತ್ತದೆ ಅನ್ನುವುದು ಯಾರಿಗಾದರೂ ಮೊದಲು ಹೊಳೆಯುವ ಮಾತು.

ದೊಡ್ಡವ್ವ ಗುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣ ನೋಡಲಿಲ್ಲ, ತೂತಿನೊಳಗೆ ಇಣುಕಿದಳು. ಆಮೇಲೆ ತಕ್ಕಡಿಗೆ ಹಾಕಿದಳು.

“ಮದ್ಲ ತೂತು ನೋಡವಾ, ಆಮ್ಯಾಲೆ ತೂಕ. ಬಣ್ಣ ಕಡೀಕ.”

ತೂಕ 18 ಗ್ರಾಂ ಬಂತು. ಮಣಿಯ ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಇದನ್ನು ಅಂದಾಜಿಲ್ಲದೆ ಕೊಳ್ಳುವವರೇ ಬಹಳ. 12 ಮಿಲಿಮೀಟರಿನ ಗಾಜಿನ ಗುಂಡು ಎರಡು ಗ್ರಾಮಿನ ಮೇಲೆ ಚೂರು, 24ರದ್ದು ಹದಿನೆಂಟು. ಕಣ್ಣಿಗೆ ಎರಡು ಪಟ್ಟು ಕಂಡದ್ದು ಕೊರಳಿಗೆ ಎಂಟು ಪಟ್ಟು ಭಾರವಾಗುತ್ತದೆ. ತೂತು 5 ಮಿಲಿಮೀಟರ್. ನಾನು ಒಯ್ದಿದ್ದ ಗೇರ್ ವೈರ್, ಅಂದರೆ ಮಣಿ ಪೋಣಿಸುವ ಲೋಹದ ತಂತಿ, 0.38 ಮಿಲಿಮೀಟರ್. ಅಷ್ಟು ದೊಡ್ಡ ತೂತಿನಲ್ಲಿ ಅಷ್ಟು ಸಣ್ಣ ತಂತಿ ಹಾಕಿದರೆ ಗುಂಡು ಒಂದು ಕಡೆ ಜೋತು ಬಿದ್ದು, ತೂತಿನ ಬಾಯಿ ಎದುರಿನವರಿಗೆ ಕಾಣುತ್ತದೆ. ದೊಡ್ಡವ್ವ ಖಾನೆಯಿಂದ 8 ನಂಬರಿನ ಸಣ್ಣ ಮಣಿ ತೆಗೆದು ತಂತಿಗೆ ಏರಿಸಿ, ಅವುಗಳ ಮೇಲೆ ಗುಂಡನ್ನು ಜಾರಿಸಿದಳು. (ಹೊಸಬರಿಗೆ: ಈ ನಂಬರು ಉಲ್ಟಾ, ದೊಡ್ಡದಾದಷ್ಟು ಮಣಿ ಸಣ್ಣದು. 8 ನಂಬರು ಸುಮಾರು 3 ಮಿಲಿಮೀಟರ್, 11 ನಂಬರು 2ರ ಆಸುಪಾಸು.) ತೂತಿನೊಳಗೆ ಹನ್ನೆರಡು ಮಣಿ ಹಿಡಿದವು, ಗುಂಡಿನ ಅಲ್ಲಾಟ ಕಡಿಮೆಯಾಗಿ ಹೆಚ್ಚುಕಡಿಮೆ ನಡುವಿಗೆ ನಿಂತಿತು. ಎರಡೂ ಬಾಯಿಗೆ ಒಂದೊಂದು ಹಿತ್ತಾಳೆ ಕಟೋರಿ. ಒಳಗಿನ ಮಣಿ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಬಣ್ಣ ಹುಡುಕುತ್ತ ಕೂರಬೇಡಿ.

ನಾನು ಒಯ್ದ ತಿಳಿನೀಲಿ ಲೈನನ್ನು ಅವಳು ಮುಟ್ಟಲಿಲ್ಲ. “ಅದರ ಮುಂದ ಅದರ ತಂಗೀನ ಕುಂದ್ರಸಬ್ಯಾಡ, ಇಬ್ಬರೂ ಮಂಕ ಕಾಣ್ತಾರ” ಅಂದಳು. ಮಬ್ಬು ಕಪ್ಪು ಮಣಿ 6 ಮಿಲಿಮೀಟರಿನದ್ದು ತೆಗೆದಳು, ಮಿಂಚಿಲ್ಲದ್ದು. ಇಂಚಿಗೆ ನಾಲ್ಕು ಕೂರುವ ಮಣಿ, 22 ಇಂಚಿಗೆ ಎಂಬತ್ತು ತೊಂಬತ್ತು ಬೇಕು. ಬಿಳಿಯನ್ನು ಬಿಟ್ಟಳು, ನೀಲಿಯನ್ನು ಬಿಟ್ಟಳು. ಗುಂಡಿನಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದ ಸಾಸಿವೆ ಹಳದಿಯನ್ನು ಆರಿಸಿ ಐದೇ ಮಣಿ ತೆಗೆದಳು. ಅವನ್ನೂ ಗುಂಡಿನ ಪಕ್ಕ ಇಡಲಿಲ್ಲ, ಕೊರಳ ಹಿಂದಿನಿಂದ ಇಳಿಯುವ ಜಾಗದಲ್ಲಿ ಚದುರಿಸಿದಳು. ನನಗೆ ಮೊದಲು ಅರ್ಥವಾಗಲಿಲ್ಲ, ಕನ್ನಡಿಯ ಮುಂದೆ ಇಟ್ಟುಕೊಂಡಾಗ ಆಯಿತು. ಮೇಲೆ ಹಳದಿ ಕಂಡ ಕಣ್ಣು ಅದನ್ನು ಹುಡುಕುತ್ತ ಕೆಳಗೆ ಇಳಿದು ಗುಂಡಿನ ಉಂಗುರಕ್ಕೆ ಬಂದು ನಿಲ್ಲುತ್ತದೆ. ಬಣ್ಣವನ್ನು ಪಕ್ಕದಲ್ಲೇ ಇಟ್ಟರೆ ಕಣ್ಣಿಗೆ ಆ ಕೆಲಸವೇ ಉಳಿಯುವುದಿಲ್ಲ.

ಗುಂಡು ಎಲ್ಲಿ ಕೂರಬೇಕು ಅನ್ನುವಲ್ಲಿ ನಮ್ಮಿಬ್ಬರಿಗೆ ವಾದವಾಯಿತು. ಅವಳದು ನಟ್ಟನಡುವೆ. ನನ್ನದು ಹೊಲಿಗೆಯವಳ ಲೆಕ್ಕ. ಸೆರಗು ಬರುವುದು ಎಡ ಹೆಗಲಿಗೆ. ನೆರಿಗೆ ಹಿಡಿದು ಪಿನ್ ಹಾಕಿದವರ ಎದೆಯ ಎಡಭಾಗ ಬಟ್ಟೆಯಡಿ ಹೋಗುತ್ತದೆ, ನಡುವೆ ಇರುವ ಪದಕ ಅರ್ಧ ಸೆರಗಿನ ಅಂಚಿಗೆ ಸಿಕ್ಕಿ ದಿನವಿಡೀ ತಿಕ್ಕುತ್ತದೆ. ಗುಂಡನ್ನು ಬಲಕ್ಕೆ, ಕಾಲರ್ ಎಲುಬಿನ ಕೆಳಗೆ ಇಡಬೇಕು ಅಂದೆ. “ನಿಲ್ಲೂದಿಲ್ಲ ಅದು, ತಿರುಗಿ ನಡಕ್ಕ ಬರತೈತಿ” ಅಂದಳು. ಮಾತು ಸರಿಯೇ. ಸರದಲ್ಲಿ ಭಾರದ್ದು ಎಲ್ಲಿದ್ದರೂ ಜಾರಿ ತಳಕ್ಕೆ ಬರುತ್ತದೆ. ಹಾಗಾದರೆ ಎದುರು ಕಡೆ ಅಷ್ಟೇ ತೂಕ ಇಟ್ಟರೆ? ಅಲ್ಲಿಂದ ಮುಂದೆ ಅಂಗಡಿಯ ತಕ್ಕಡಿ ನಮ್ಮ ಕೈಗೆ ಬಂತು. ಗಟ್ಟಿ ಹಿತ್ತಾಳೆಯ 8 ಮಿಲಿಮೀಟರ್ ಗುಂಡು ಒಂದೊಂದು ಎರಡು ಗ್ರಾಮಿಗೆ ಮೇಲೆ. ಎಂಟು ಹಾಕಿದಾಗ ನೀಲಿ ಗುಂಡಿನ ಸಮ ತೂಗಿತು. ಹಿತ್ತಾಳೆ ಗಾಜಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಅದಕ್ಕೇ ಸಣ್ಣ ಮಣಿಯಲ್ಲೇ ತೂಕ ಸಿಗುತ್ತದೆ. ಆ ಎಂಟನ್ನು ಸಾಲಾಗಿ ಎಡಕ್ಕೆ, ಸೆರಗಿನ ಅಡಿ ಹೋಗುವ ಜಾಗಕ್ಕೆ ಹಾಕಿದೆವು. ಕೊರಳಿಗೆ ಹಾಕಿ ಬಗ್ಗಿ ಎದ್ದು ನೋಡಿದೆ, ನೀಲಿ ಗುಂಡು ಇಟ್ಟಲ್ಲೇ ಇತ್ತು. ದೊಡ್ಡವ್ವ ಏನೂ ಹೇಳದೆ ಮುಂದಿನ ಗಿರಾಕಿಯ ಕರಿಮಣಿ ಎತ್ತಿಕೊಂಡಳು. ಅದನ್ನೇ ನಾನು ಒಪ್ಪಿಗೆ ಅಂದುಕೊಂಡೆ.

ಟೊಳ್ಳು ಹಿತ್ತಾಳೆಯಿಂದ ಈ ಕೆಲಸ ಆಗುವುದಿಲ್ಲ. ಖಾನೆಯಲ್ಲಿ ಎರಡೂ ಥರ ಬೆರೆತಿರುತ್ತವೆ, ಒಂದೊಂದನ್ನೂ ಗಾಜಿನ ಮೇಲೆ ಬಿಟ್ಟು ಸದ್ದು ಕೇಳಿ ಆರಿಸಿಕೊಳ್ಳಿ.

ಇಷ್ಟೆಲ್ಲ ಸೇರಿ ಸರ ಐವತ್ತು ಗ್ರಾಂ ದಾಟುತ್ತದೆ. ಹಿಂದೆ ಸಣ್ಣ ಬ್ಯಾಕ್ ಚೈನ್ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಕತ್ತಿನ ಮೇಲೆ ಗೆರೆ. ರೇಷ್ಮೆ ದಾರದ ಡೋರಿ ಹಾಕಿಸಿ: ಅಗಲವಿದೆ, ಬೆವರು ಕುಡಿಯುತ್ತದೆ, ಜಂಪರಿನ ಕೊರಳಿಗೆ ತಕ್ಕಂತೆ ಏರಿಸಿ ಇಳಿಸಬಹುದು. ಈ ಅಂಗಡಿಯ ಡೋರಿ ಕೈಯಲ್ಲಿ ಹೊಸೆದದ್ದು, 50 ರೂಪಾಯಿ. ಬಣ್ಣ ಹತ್ತುವುದಿಲ್ಲ, ಕೊನೆಯ ಕುಚ್ಚು ಬಿಚ್ಚಿಕೊಳ್ಳುವುದಿಲ್ಲ. ಕಣ್ಣು ಮುಚ್ಚಿ ತಗೊಳ್ಳಿ.

ಕಿತ್ತಳೆ ಕೊಳವೆಗಳದು ಬೇರೆಯೇ ತಕರಾರು. ಟ್ರೇನಿಂದ ನಾನೇ ಆರಿಸಿದ್ದು, ಐದು, ಒಂದೊಂದೂ ಹೆಬ್ಬೆರಳಿನಷ್ಟು. ಅಂಬರಿನಂತೆ ಕಾಣುವ ರೆಸಿನ್. ತೂಕವಿಲ್ಲ, ತೂತು ಸರಿಯಾಗಿದೆ, ಗಲಾಟೆಯೆಲ್ಲ ಬಣ್ಣದಲ್ಲೇ. ಕಪ್ಪಿನ ಪಕ್ಕ ಇಟ್ಟರೆ ಇನ್ನೂ ಕಿರುಚುತ್ತವೆ, ಬಿಳಿಯ ಪಕ್ಕ ಇಟ್ಟರೆ ಮಕ್ಕಳ ಆಟದ ಸಾಮಾನಾಗುತ್ತವೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಕಿನ್ನಾಳದ ಗೊಂಬೆ. ನಮ್ಮ ಪಕ್ಕದ ಊರಿನ ಚಿತ್ರಗಾರರು ಕೆಂಪು, ಹಸಿರು, ಹಳದಿಯನ್ನು ಒಂದಕ್ಕೊಂದು ತಾಗಿಸಿ ಬಳಿದರೂ ಗೊಂಬೆ ಕಣ್ಣಿಗೆ ಚುಚ್ಚುವುದಿಲ್ಲ. ಮುಖದ ಹತ್ತಿರ ಹೋಗಿ ನೋಡಿ: ಹುಬ್ಬು, ಕಣ್ಣಂಚು, ಸಣ್ಣ ಕುಂಚದ ಕಪ್ಪು ಗೆರೆ. ಬಣ್ಣ ಎಷ್ಟು ಜೋರಿದ್ದರೂ ಆ ಗೆರೆ ಅದನ್ನು ಹಿಡಿದಿಟ್ಟಿರುತ್ತದೆ. ಹಾಗೇ ಕೊಳವೆಯ ಎರಡೂ ತುದಿಗೆ ಒಂದೊಂದು ತೆಳುವಾದ ಕಪ್ಪು ಬಿಲ್ಲೆ ಹಾಕಿದೆ, ಬಿಲ್ಲೆಯ ಆಚೆ ಕಂದು ಕಟ್ಟಿಗೆ ಗುಂಡು. ಕಪ್ಪು ಗೆರೆಯಷ್ಟೇ ಇರಬೇಕು, ಸಾಲಾದರೆ ಕೆಟ್ಟಿತು. ಐದನ್ನೂ ಹಾಕುವ ಆಸೆ ಬಿಟ್ಟು 30 ಇಂಚಿನ ಉದ್ದ ಸರಕ್ಕೆ ಎರಡೇ ಹಾಕಿದೆ, ಬಲಗಡೆ ಒಂದು ಮೇಲೆ, ಎಡಗಡೆ ಒಂದು ಕೆಳಗೆ. ಕಟ್ಟಿಗೆಗೆ ಚನ್ನಪಟ್ಟಣದ ಅರಗಿನ ಮಣಿಯೂ ನಡೆಯುತ್ತದೆ. ಆಲೆ ಮರದ್ದು, ಹತ್ತಿಯ ಹಾಗೆ ಹಗುರ. ಆದರೆ ಅದರ ಮಿಂಚು ರೆಸಿನ್ನಿನ ಮಿಂಚಿನ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಆದ್ದರಿಂದ ನಾನು ಪಾಲಿಶ್ ಇಲ್ಲದ್ದನ್ನೇ ತೆಗೆದುಕೊಂಡೆ.

ಇಳಕಲ್ ಸೀರೆಯವರಿಗೆ ಈ ಕಿತ್ತಳೆ ಹೇಳಬೇಡಿ. ಆ ಸೀರೆಯ ಟೋಪು ತೆನಿ ಸೆರಗಿನ ಕೆಂಪಿಗೂ ಅದಕ್ಕೂ ಹೊಂದಿಕೆಯಾಗುವುದಿಲ್ಲ. ಆ ಸೆರಗಿಗೆ ಹಿತ್ತಾಳೆ, ಕಪ್ಪು, ಕಡುಹಸಿರು, ಇಷ್ಟರಲ್ಲಿ ಮುಗಿಸಿದರೆ ಚಂದ. ಸಾದಾ ಕಾಟನ್ ಸೀರೆ, ಮೇಲೆ ಗುಳೇದಗುಡ್ಡ ಖಣದ ಜಂಪರ್ ಹಾಕುವವರಿಗೆ ಕಿತ್ತಳೆ ಒಪ್ಪುತ್ತದೆ. ಉಳಿದ ಮೂರರಲ್ಲಿ ಎರಡನ್ನು ಜಂಪರಿನ ಬೆನ್ನಿಗೆ ಲಟಕನ್ ಮಾಡಿದೆ. ಕೊರಳಲ್ಲಿ ಒಗ್ಗದ್ದು ಬೆನ್ನಲ್ಲಿ ಒಗ್ಗುವುದು ಎಷ್ಟೋ ಸಲ ನೋಡಿದ್ದೇನೆ, ಆದರೆ ಹಗುರ ಇರಬೇಕು, ಗಾಜು ಕಟ್ಟಿದರೆ ಹಿಂದಿನ ನೆಕ್ ಜಗ್ಗಿ ಹೆಗಲು ಜಾರುತ್ತದೆ. ಹೊಲಿಗೆ ನನ್ನದಾದ್ದರಿಂದ ಬೈಗುಳವೂ ನನಗೇ.

ಹೊರಗಿನ ಊರಿನವರು ಟ್ರೇ ಮುಂದೆ ಕೂತಾಗ ಒಂದು ಮಾತು ತಿಳಿದಿರಲಿ. ಕೆಂಪು ಬಿಳಿ ಮಣಿಯನ್ನು ಒಂದರ ಪಕ್ಕ ಒಂದು ಪೋಣಿಸಿದ ಸರವನ್ನು ನಮ್ಮ ಕಡೆಯ ಹಿರಿಯ ಹೆಂಗಸರು ಹುಡುಗಿಯರ ಕೊರಳಿಗೆ ಬಿಡುವುದಿಲ್ಲ. ದೇವದಾಸಿ ಬಿಡುವಾಗ ಕಟ್ಟುತ್ತಿದ್ದ ಮುತ್ತು ಅದೇ ಬಣ್ಣದ್ದು. 1982ರಲ್ಲೇ ಕಾಯ್ದೆ ಆಗಿ ಆ ಪದ್ಧತಿಗೆ ನಿಷೇಧ ಬಂದರೂ ಆ ಸರ ಕಂಡರೆ ಮನೆಯಲ್ಲಿ ಮಾತು ನಿಂತುಬಿಡುತ್ತದೆ. ಬೆಂಗಳೂರಿನಲ್ಲಿ ಓದುವ ಒಬ್ಬ ಹುಡುಗಿ ಫೋನಿನಲ್ಲಿ ಡಿಸೈನ್ ತೋರಿಸಿ ಹಾಗೇ ಮಾಡಿಕೊಡಿ ಅಂದಳು. ದೊಡ್ಡವ್ವ ಬಿಳಿಯ ಜಾಗಕ್ಕೆ ಬೂದಿ ಬಣ್ಣದ ಗಾಜು ಹಾಕಿಕೊಟ್ಟಳು, ಕಾರಣ ಹೇಳಲಿಲ್ಲ. ಹೇಳಬೇಕಿತ್ತು ಅಂತ ನನಗೆ ಅನ್ನಿಸಿತು. ಹುಡುಗಿ ಅದನ್ನೇ ಇಷ್ಟಪಟ್ಟು ಒಯ್ದಳು, ಅದು ಬೇರೆ.

ಕಲ್ಲಿನ ಮಣಿಗೆ ಬಂದರೆ ಅಂಗಡಿ ಸಾಧಾರಣ. ಗುಜರಾತಿನ ಖಂಬಾತಿನ ಅಗೇಟು ಕಲ್ಲು ಒಂದೊಂದು ಸಲ ಟ್ರೇಗೆ ಬಂದಿರುತ್ತದೆ, ಇಟ್ಟಿಗೆ ಕೆಂಪಿನ ಉದ್ದ ಪೀಪಾಯಿ ಮಣಿ. ಬಣ್ಣ ನೋಡಿ ಮರುಳಾಗುವ ಮೊದಲು ಸೂಜಿ ಹಾಕಿ ನೋಡಿ. ಉದ್ದ ಕಲ್ಲಿಗೆ ತೂತನ್ನು ಎರಡೂ ತುದಿಯಿಂದ ಕೊರೆಯುವುದು ಬಹಳ ಹಳೆಯ ಪದ್ಧತಿ, ನಡುವೆ ಎರಡು ತೂತು ಕೂಡುವಲ್ಲಿ ಚೂರು ತಪ್ಪಿದರೆ ಒಳಗೆ ಒಂದು ಮೆಟ್ಟಿಲು ಉಳಿಯುತ್ತದೆ. ಅದು ದಾರಕ್ಕೆ ಬ್ಲೇಡು. ಈ ಕಲ್ಲುಗಳು ನಮ್ಮ ಸೀಮೆಗೆ ಹೊಸವಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಅಗೆದಾಗ ಇದೇ ಜಾತಿಯ ಕೆಂಪು ಕಲ್ಲು, ಅಗೇಟು, ಶಂಖ, ಹವಳದ ಮಣಿಗಳು ಸಿಕ್ಕಿವೆ. ಅದನ್ನು ಹೇಳಿದರೆ ದೊಡ್ಡವ್ವ, “ಅವರ ದಾರ ಹರಿದಿದ್ದಕ್ಕ ಮಣ್ಣಾಗ ಬಿದ್ವು” ಅಂದಳು. ಇಂಥ ಮಣಿಗೆ ಅವಳು ದಾರ ಒಲ್ಲೆ ಅನ್ನುತ್ತಾಳೆ, ಗೇರ್ ವೈರೇ ಹಾಕಬೇಕು, ಅದೂ 0.45. ತೂತನ್ನು ರೀಮರಿನಿಂದ ಉಜ್ಜಿ ಅಗಲ ಮಾಡುವುದಾದರೆ ಮಣಿ ನೀರಿನಲ್ಲಿ ಮುಳುಗಿರಬೇಕು, ಒಣದಾಗಿ ಉಜ್ಜಿದರೆ ಕಾವಿಗೆ ಒಡೆಯುತ್ತದೆ, ಪುಡಿ ಮೂಗಿಗೆ ಹೋಗುತ್ತದೆ.

ಮುಳ್ಳು ಮುಳ್ಳಾದ ಹಿತ್ತಾಳೆ ಮಣಿ ಟ್ರೇಯಲ್ಲಿ ಬೇಕಾದಷ್ಟಿವೆ, ನೋಡಲು ಭರ್ಜರಿ. ಜರಿ ಸೀರೆ ಉಡುವವರು ಬಿಟ್ಟುಬಿಡಿ. ಎಮರಿ ಕಾಗದದಿಂದ ತುದಿ ಮೊಂಡು ಮಾಡಿದರೂ ಎಲ್ಲೋ ಒಂದು ಎಳೆ ಎಳೆದೇ ಎಳೆಯುತ್ತದೆ. ಚೂಡಿದಾರಿನ ಮೇಲೆ, ಕಾಲೇಜು ಹುಡುಗಿಯರಿಗೆ ಅಡ್ಡಿಯಿಲ್ಲ.

ಪೋಣಿಸುವ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸಾದಾ ಸರ 40 ರೂಪಾಯಿ, ಮಣಿ ಮಣಿಗೆ ಗಂಟು ಹಾಕುವುದಾದರೆ 100. ರೇಷ್ಮೆ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದುಕೊಂಡು ಪೋಣಿಸುವುದರಿಂದ ದಾರ ಬೇಗ ಜುಂಜು ಬಿಡುವುದಿಲ್ಲ. ಗುಂಡಿನ ಸರ, ಬೋರಮಾಳ, ಕಟ್ಟಾಣಿ ಬಿಚ್ಚಿ ಕಟ್ಟಿಸುವವರೂ ಅವಳ ಹತ್ತಿರವೇ ಬರುತ್ತಾರೆ, ಬಂಗಾರವನ್ನು ಗಿರಾಕಿಯ ಕಣ್ಣೆದುರೇ ತೂಗಿ, ಪೋಣಿಸಿದ ಮೇಲೆ ಮತ್ತೆ ತೂಗಿ ಕೊಡುತ್ತಾಳೆ. ಮಣಿ ತಮ್ಮಲ್ಲಿ ಕೊಂಡದ್ದಲ್ಲ ಅಂತ ಮುಖ ತಿರುಗಿಸುವ ಚಟ ಇಲ್ಲ. ಅದು ದೊಡ್ಡ ಗುಣ.

ಇನ್ನು ದೂರುಗಳು. ಅಂಗಡಿಯ ಬಿಳಿ ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಅಲ್ಲಿ ಸಾಸಿವೆ ಹಳದಿ ಕಂಡದ್ದು ಹೊರಗೆ ಬಂದರೆ ಲಿಂಬೆ ಹಳದಿ, ಕಡುನೀಲಿ ಅಂದುಕೊಂಡದ್ದು ನೇರಳೆ. ಮಣಿಯನ್ನು ಸಂದಿಗೆ ತಂದು ಬಿಸಿಲಲ್ಲಿ ನೋಡಿಯೇ ದುಡ್ಡು ಕೊಡಿ, ಏಕೆಂದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಬದಲಿಯೂ ಇಲ್ಲ. ಬಿಲ್ ಕೇಳಿದರೆ ಚೀಟಿ ಬರೆದು ಕೊಡುತ್ತಾರೆ. ನನ್ನಂತೆ ಗಿರಾಕಿಗೆ ಲೆಕ್ಕ ತೋರಿಸಬೇಕಾದವರಿಗೆ ಅದು ಸಾಲದು. ಗೇರ್ ಲಾಕ್, ಅಂದರೆ ತಂತಿಯ ತುದಿ ಬಿಗಿಯಲು ಒತ್ತುವ ಸಣ್ಣ ಲೋಹದ ಮಣಿ, ಈ ಅಂಗಡಿಯದು ತೀರಾ ಕಳಪೆ, ಇಕ್ಕಳದಿಂದ ಒತ್ತಿದರೆ ಕೆಲವು ಸೀಳುತ್ತವೆ. ಭಾರದ ಸರಕ್ಕೆ ಒಂದರ ಮೇಲೆ ನಂಬಿಕೆ ಇಡಬೇಡಿ, ಎರಡು ಹಾಕಿ ನಡುವೆ ಒಂದು ಸಣ್ಣ ಮಣಿ ಇಡಿ, ಇಲ್ಲವೇ ಲಾಕನ್ನು ಬೇರೆ ಕಡೆಯಿಂದ ತನ್ನಿ. ಮೊಬೈಲಿನಲ್ಲಿ ಫೋಟೋ ಕಳಿಸಿ ಅಂದರೆ ಕಳಿಸುತ್ತಾರೆ, ಪಕ್ಕದಲ್ಲಿ ಅಳತೆಗೆ ಏನನ್ನೂ ಇಡುವುದಿಲ್ಲ. 8 ಮಿಲಿಮೀಟರಿನ ಮಣಿ ಫೋಟೋದಲ್ಲಿ ನಿಂಬೆಹಣ್ಣಾಗುತ್ತದೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಕಳಿಸಿ ಅಂತ ಹೇಳಬೇಕು, ಪ್ರತಿ ಸಲವೂ ಹೇಳಬೇಕು.

ಇನ್ನೊಂದು, ಇದು ಹೇಳಿದರೆ ಮಾಲೀಕರಿಗೆ ಸಿಟ್ಟು ಬರಬಹುದು. ಟ್ರೇ ಮುಂದೆ ಗಿರಾಕಿ ಕೂತ ಕೂಡಲೇ ಅವರು ಇನ್ನೂ ಜೋರು ಬಣ್ಣದ್ದನ್ನು ತಂದು ತಂದು ಸುರಿಯುತ್ತಾರೆ. ಒಂದು ದಪ್ಪ ಮಣಿಗೆ ಸರ ಕೇಳಿದವರ ಕೈಗೆ ಆರು ದಪ್ಪ ಮಣಿ ಬರುತ್ತವೆ. ತೂಕದ ವ್ಯಾಪಾರ, ಅವರ ತಪ್ಪೂ ಅಲ್ಲ. ನೂರು ಗ್ರಾಂ ಟ್ರೇ ಮಾಲಿಗೆ 90 ಕೊಟ್ಟು ಮನೆಗೆ ಹೋದರೆ ಅದರಲ್ಲಿ ಉಪಯೋಗಕ್ಕೆ ಬರುವುದು ಮೂರು ನಾಲ್ಕು ಮಣಿ. ಅದೇ ಹಣಕ್ಕೆ ಖಾನೆಯ ಮಬ್ಬು ಕಪ್ಪು ಒಂದು ಲೈನ್ 35, ಕಟ್ಟಿಗೆ ಗುಂಡು ಒಂದು ಲೈನ್ 30, ಕಟೋರಿ ಜೋಡಿ 5 ಹಿಡಿದು ಇನ್ನೂ ಚಹಾಕ್ಕೆ ಉಳಿಯುತ್ತದೆ. ಜೋರು ಮಣಿ ನಿಮ್ಮ ಮನೆಯಲ್ಲೇ ಇದೆ ತಾನೇ? ಹಾಗಾಗಿ ನನ್ನ ಲೆಕ್ಕದಲ್ಲಿ ಟ್ರೇಗೆ ಐದಕ್ಕೆ ಎರಡು, ಖಾನೆಗಳಿಗೆ ನಾಲ್ಕೂವರೆ.

ಹೋಗುವ ಹೊತ್ತು: ದೊಡ್ಡವ್ವ ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದು ನಾಲ್ಕರ ಮೇಲೆ ಗಾದಿಗೆ ಬರುತ್ತಾಳೆ, ದೀಪ ಹಚ್ಚುವವರೆಗೆ ಇರುತ್ತಾಳೆ. ಕತ್ತಲಾದ ಮೇಲೆ ಸೂಜಿ ಹಿಡಿಯುವುದಿಲ್ಲ. ಬೆಳಗ್ಗೆ ಹೋದರೆ ಮಾಲೀಕರೊಬ್ಬರೇ, ಟ್ರೇ ಸಿಗುತ್ತದೆ, ಸಲಹೆ ಸಿಗುವುದಿಲ್ಲ. ಅಮಾವಾಸ್ಯೆಗೆ ಮುಚ್ಚಿರುತ್ತದೆ. ಜಾತ್ರೆಯ ದಿನಗಳಲ್ಲಂತೂ ಪೋಣಿಸಲು ಕೊಟ್ಟರೆ ವಾರಗಟ್ಟಲೆ ಕಾಯಿಸುತ್ತಾರೆ, ಉಳಿಕೆ ಮಾಲು ಬರುವುದೂ ಜಾತ್ರೆ ಮುಗಿದ ಮೇಲೆ, ಆದ್ದರಿಂದ ಫೆಬ್ರುವರಿಯಲ್ಲಿ ಹೋಗಿ. ನಾನು ಕಡೆಯ ಸಲ ಹೋದಾಗ ಖಾನೆಯಲ್ಲಿ ಬೂದಿ ಬಣ್ಣದ 6 ಮಿಲಿಮೀಟರ್ ಗಾಜು ಮೂರು ಲೈನ್ ಇದ್ದವು, ಒಂದನ್ನು ನಾನು ತಂದಿದ್ದೇನೆ. ಗಟ್ಟಿ ಹಿತ್ತಾಳೆ 8ರದ್ದು ಮುಗಿದಿತ್ತು, ಬಂದ ಮೇಲೆ ತಿಳಿಸುತ್ತೇವೆ ಅಂದಿದ್ದಾರೆ.